21 ದಿನ ತಪ್ಪದೆ ನಡೆದೆ, ಆದರೂ ವಾಕಿಂಗ್ ಯಾಕೆ ಅಭ್ಯಾಸ ಆಗಲಿಲ್ಲ?

ಪ್ರಶ್ನೆ: ಮೇಷ್ಟ್ರೇ, ಯಾವುದೇ ಕೆಲಸ 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತಾರೆ. ನಾನು ಕುಕ್ಕರಹಳ್ಳಿ ಕೆರೆ ಸುತ್ತ 21 ದಿನ ತಪ್ಪದೆ ವಾಕಿಂಗ್ ಮಾಡಿದೆ. 24ನೇ ದಿನ ಮಳೆ ಬಂತು, ಹೋಗಲಿಲ್ಲ. ಆಮೇಲೆ ನಿಂತೇ ಹೋಯ್ತು. ನನಗೆ ಮನೋಬಲ ಇಲ್ವಾ?

ಇದು ಕುವೆಂಪುನಗರದ ಓದುಗರೊಬ್ಬರು ಕೇಳಿದ್ದು. ಹೋದ ತಿಂಗಳು ಮಂಡ್ಯದಿಂದ ಇದೇ ಪ್ರಶ್ನೆ ಬಂದಿತ್ತು, ಅದಕ್ಕೂ ಮುಂಚೆ ನಂಜನಗೂಡಿನಿಂದ. ಒಬ್ಬರಿಗೆ ಮಳೆ, ಒಬ್ಬರಿಗೆ ತಂಗಿ ಮದುವೆ, ಇನ್ನೊಬ್ಬರಿಗೆ ಜ್ವರ. ಆದರೆ 21 ಮಾತ್ರ ಎಲ್ಲರ ಪತ್ರದಲ್ಲೂ ಇರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ನನಗೆ ಸಾಕಾಗಿದೆ. ಈ ಸಲ ಬುಡದಿಂದಲೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಿಮ್ಮ ಮನೋಬಲಕ್ಕೆ ಏನೂ ಆಗಿಲ್ಲ. ನಿಮಗೆ ಯಾರೋ ಕೊಟ್ಟ ಲೆಕ್ಕ ತಪ್ಪು.

ಆ ಲೆಕ್ಕ ಎಲ್ಲಿಂದ ಬಂತು ನೋಡಿ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು, ಮುಖ ಸರಿಮಾಡುವ ಆಪರೇಷನ್ ಅವರ ಕೆಲಸ. ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರಿಗೆ ಕಂಡಿತು. 1960ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅದನ್ನು ಬರೆದರು. ಅಷ್ಟೇ. ಬಾಯಿಂದ ಬಾಯಿಗೆ ಹೋಗುತ್ತಾ ಮೊದಲು 'ಕಡಿಮೆ ಅಂದರೂ' ಬಿದ್ದು ಹೋಯಿತು. ಆಮೇಲೆ 'ಸುಮಾರು' ಬಿದ್ದು ಹೋಯಿತು. ಕೊನೆಗೆ ಮುಖವೂ ಹೋಗಿ ವಾಕಿಂಗ್ ಬಂದು ಕೂತಿತು. ಹೊಸ ಮೂಗಿಗೆ ಕಣ್ಣು ತಾನಾಗೇ ಒಗ್ಗುತ್ತದೆ, ಅಲ್ವಾ? ಅದಕ್ಕಾಗಿ ಬೆಳಗ್ಗೆ ಐದೂವರೆಗೆ ಎದ್ದು, ಕತ್ತಲಲ್ಲಿ ಷೂ ಹುಡುಕಿ, ಗೇಟಿನ ಚಿಲಕ ತೆಗೆಯಬೇಕಾಗಿಲ್ಲ.

ನಿಜವಾಗಿ ಅಳೆದು ನೋಡಿದವರೂ ಇದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು. ಒಬ್ಬೊಬ್ಬರೂ ಒಂದೊಂದು ಕೆಲಸ ಆರಿಸಿಕೊಂಡರು. ಮಧ್ಯಾಹ್ನ ಊಟದ ಜೊತೆ ಹಣ್ಣು ತಿನ್ನುವುದೋ, ರಾತ್ರಿ ಊಟಕ್ಕೆ ಮುಂಚೆ ಓಡುವುದೋ, ಅಂಥದ್ದು. ಯೋಚಿಸದೆಯೇ ಮಾಡುವಷ್ಟು ರೂಢಿಯಾಗಲು ಒಬ್ಬರಿಗೆ 18 ದಿನ ಸಾಕಾಯಿತು. ಇನ್ನೊಬ್ಬರ ಲೆಕ್ಕ 254 ದಿನಕ್ಕೆ ಹೋಯಿತು. 12 ವಾರ ಅಂದರೆ 84 ದಿನ ತಾನೇ, ಮುಂದಿನದನ್ನು ಅವರು ರೂಢಿ ಬೆಳೆಯುವ ವೇಗ ನೋಡಿ ಅಂದಾಜು ಮಾಡಿದ್ದು. ನಡುವಿನ ಅಂಕಿ 66. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಒಗ್ಗಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ಹಾಗಂತ ಈಗ 66 ಅಂತ ಗೋಡೆಗೆ ಅಂಟಿಸಿಕೊಳ್ಳಬೇಡಿ! ಒಂದು ಸಂಖ್ಯೆ ಕಿತ್ತು ಇನ್ನೊಂದು ನೆಟ್ಟರೆ ಏನು ಬಂತು?

ನನ್ನ ತಕರಾರು ಇರುವುದೇ ದಿನ ಎಣಿಸುವುದರ ಮೇಲೆ. ದಿನ ಎಣಿಸಿ ಮಾಡುವುದು ವ್ರತ. ವ್ರತಕ್ಕೆ ಉದ್ಯಾಪನೆ ಇರುತ್ತದೆ. ಅಭ್ಯಾಸಕ್ಕೆ ಉದ್ಯಾಪನೆ ಇಲ್ಲ. ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿ. 41 ದಿನ ತಣ್ಣೀರು ಸ್ನಾನ, ಬರಿಗಾಲು, ಬೀಡಿ ಸಿಗರೇಟು ಮುಟ್ಟುವುದಿಲ್ಲ. ಎಂಥ ಶ್ರದ್ಧೆ ಅದು! ಮಾಲೆ ತೆಗೆದ ವಾರದೊಳಗೆ ಎಷ್ಟೋ ಜನರ ಕೈಗೆ ಸಿಗರೇಟು ವಾಪಸ್ ಬರುತ್ತದೆ. ಅವರಿಗೆ ಮನೋಬಲ ಇಲ್ಲ ಅನ್ನೋಕಾಗುತ್ತಾ? ಅಷ್ಟೂ ದಿನ ಅವರನ್ನು ಹಿಡಿದು ನಡೆಸಿದ್ದು ಕೊರಳಲ್ಲಿದ್ದ ಮಾಲೆ. ಕೊರಳು ಖಾಲಿಯಾಯಿತು, ಹಳೆಯದು ಬಂತು.

ನಮ್ಮಕ್ಕ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಬಂದು, ಡಾಕ್ಟರು ದಿನಾ ಬಿರುಸಾಗಿ ಅರ್ಧ ಗಂಟೆ ನಡೀಬೇಕು ಅಂದರು. "ಅದಕ್ಕೆಲ್ಲ ಎಲ್ಲಪ್ಪ ಪುರುಸೊತ್ತು?" ಅಂದಳು. ನಾನು ಹೊಸ ಸಮಯ ಹುಡುಕಲು ಹೇಳಲಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಿದ ಮೇಲೆ ಮನೆ ಕಡೆ ತಿರುಗಬೇಡ, ನಾಲೆ ಕಡೆ ತಿರುಗು ಅಂದೆ. ಮಾಡಿದಳು. ಖಾಲಿ ಕ್ಯಾನು ಕೈಯಲ್ಲೇ, ಮುಚ್ಚಳ ಟಣಟಣ ಅಂತಿರುತ್ತಿತ್ತು. ಐದಾರು ತಿಂಗಳು ಸರಾಗವಾಗಿ ನಡೆಯಿತು. ಆಮೇಲೊಂದು ದಿನ ಫೋನ್ ಮಾಡಿ, "ನಿಂತೋಯ್ತು ಕಣೋ, ನಂಗೇ ಸೋಮಾರಿತನ" ಅಂದಳು. ಕೆದಕಿ ಕೇಳಿದರೆ, ಹಸು ಗಬ್ಬ. ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಕರೆಯುವುದು ನಿಲ್ಲಿಸಬೇಕಲ್ಲ, ನಿಲ್ಲಿಸಿದ್ದಳು. ಹಾಲಿಲ್ಲ, ಡೈರಿ ಇಲ್ಲ, ನಾಲೆ ಕಡೆ ತಿರುಗುವ ಮಾತೇ ಇಲ್ಲ. ಸೋಮಾರಿತನ ಎಲ್ಲಿಂದ ಬಂತು? ಪಕ್ಕದ ಮನೆಯವಳು ಹಾಲು ಹಾಕೋಕೆ ಹೊರಟಾಗ ಅವಳ ಜೊತೆ ಹೋಗು ಅಂದೆ. ಮಾರನೇ ದಿನವೇ ಶುರುವಾಯಿತು. ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟಿದ್ದೇನೆ. ಅಕ್ಕನ ಈ ನಡಿಗೆಯಷ್ಟು ಖುಷಿ ಕೊಟ್ಟದ್ದು ಕಡಿಮೆ.

ಈಗ ನಿಮ್ಮ ವಿಷಯ. ನಿಮ್ಮ ವಾಕಿಂಗ್ ಯಾವುದಕ್ಕೆ ಕಟ್ಟಿತ್ತು? 21 ಎಂಬ ಅಂಕಿಗೆ. ಅದು ಮುಗಿಯಿತು. ಇನ್ನು ಮುಂದೆ ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. ಕಾಫಿ ಲೋಟ ಸಿಂಕಿಗೆ ಇಟ್ಟ ಕೂಡಲೇ ಷೂ, ಅಥವಾ ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿ ಅಲ್ಲಿಂದಲೇ ಕೆರೆ ಕಡೆ. ಮಳೆ ಬಂದರೆ ಅದೇ ಹೊತ್ತಿಗೆ ಮನೆಯೊಳಗೆ ಹತ್ತು ನಿಮಿಷ ಓಡಾಡಿ. ಹತ್ತು ನಿಮಿಷದಿಂದ ಏನು ಪ್ರಯೋಜನ ಅನ್ನಬೇಡಿ, ಕಾಫಿಗೂ ಷೂಗೂ ಹಾಕಿದ ಗಂಟು ಸಡಿಲ ಆಗಬಾರದು, ಅದಕ್ಕೆ.

ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅನ್ನುವ ಭಯವನ್ನೂ ಬಿಡಿ. ಒಂದು ದಿನ ತಪ್ಪಿದ್ದರಿಂದ ರೂಢಿಗೆ ಅಂಥ ಪೆಟ್ಟೇನೂ ಬೀಳಲಿಲ್ಲ ಅಂತ ಅದೇ ಲಂಡನ್ನಿನವರು ಕಂಡರು. ಅಷ್ಟು ದೂರ ಯಾಕೆ, ನಮ್ಮ ಗೋಕುಲಂನಲ್ಲಿ ವಿದೇಶದಿಂದ ಬಂದು ಅಷ್ಟಾಂಗ ಯೋಗ ಕಲಿಯುವವರನ್ನು ನೋಡಿ. ಆ ಪದ್ಧತಿಯಲ್ಲಿ ಶನಿವಾರ ರಜೆ, ಅಮಾವಾಸ್ಯೆ ಹುಣ್ಣಿಮೆಗೂ ರಜೆ. ಆಸನಗಳನ್ನೂ ಒಂದು ಹಿಡಿತಕ್ಕೆ ಬಂದ ಮೇಲೇ ಇನ್ನೊಂದು ಅಂತ ಕೊಡುತ್ತಾರೆ. ಜಗತ್ತು ಇದನ್ನು 'ಮೈಸೂರು ಸ್ಟೈಲ್' ಅಂತ ಕರೆಯುತ್ತದೆ, ನಾವು ಮಾತ್ರ ಒಂದು ದಿನ ತಪ್ಪಿದ್ದಕ್ಕೆ ಕೈಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ 30ರಂತೆ ಐದು ದಿನಕ್ಕೇ ಅಷ್ಟಾಯಿತು.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ವಾಕಿಂಗ್ ನಿಂತಿತು ಅನ್ನುವ ಬೇಜಾರಿಗೆ ಎಷ್ಟೋ ಜನ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಅಲ್ಲಿಂದ ನಡೆದೇ ಇಳಿಯುತ್ತಾರೆ. ಸೋಮವಾರ, ಮಂಗಳವಾರ ಮನೆ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯಬೇಕು. ಬುಧವಾರದ ಹೊತ್ತಿಗೆ 'ವ್ಯಾಯಾಮ ನನಗೆ ಆಗಿಬರಲ್ಲ' ಅಂತ ತೀರ್ಮಾನ. ಹತ್ತಿದ್ದಕ್ಕೆ ನೋವು ಬಂತು ಅಂದುಕೊಳ್ಳುತ್ತಾರೆ. ಹತ್ತುವಾಗ ಏದುಸಿರು ಬರುತ್ತದೆ, ತೊಡೆ ಹಿಡಿದುಕೊಳ್ಳುವುದು ಜಾಸ್ತಿ ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಇಳಿಜಾರಲ್ಲಿ ಬ್ರೇಕ್ ಒತ್ತಿಕೊಂಡೇ ಬಂದ ಹಾಗೆ. ರೂಢಿ ಇಲ್ಲದ ಸ್ನಾಯುವಿಗೆ ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ.

ಮಂಡಿ ನೋವು, ಎದೆ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಮೊದಲ ನಾಲ್ಕೈದು ವಾರ ಹತ್ತಿ, ಇಳಿಯಲು ಸಿಟಿ ಬಸ್ ಹಿಡಿಯಿರಿ. ಆಮೇಲೆ ದೇವಸ್ಥಾನದಿಂದ ನಂದಿವರೆಗೆ ಇಳಿದು ಮತ್ತೆ ಹತ್ತಿ ನೋಡಿ, ಸುಮಾರು 300 ಮೆಟ್ಟಿಲು. ಮಂಗಳವಾರ ತೊಡೆ ಹಗುರವಾಗಿದ್ದರೆ ಮುಂದಿನ ಭಾನುವಾರ ಬೆಟ್ಟದ ಪಾದದವರೆಗೂ ಇಳಿಯಿರಿ.