ಪೆಪ್ಟೈಡ್ ಕ್ರೀಮೂ ಬಯಲುಸೀಮೆಯ ಬಿಸಿಲೂ

ದಾವಣಗೆರೆಯ ಔಷಧ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚುವ ಸೀರಮ್‌ಗಳ ಪುಟ್ಟ ಗಾಜಿನ ಸೀಸೆಗಳು ಈಗ ಕೆಮ್ಮಿನ ಔಷಧದಷ್ಟೇ ಸಲೀಸಾಗಿ ಸಿಗುತ್ತವೆ. ಅವುಗಳಲ್ಲಿ ಹಲವುಗಳ ಮೇಲೆ ‘ಪೆಪ್ಟೈಡ್’ ಎಂಬ ಪದ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ. ಸುಕ್ಕು ಮಾಯವಾಗುತ್ತದೆ ಎಂಬ ಆಸೆಯಿಂದ ದುಡ್ಡು ತೆರುವ ಮೊದಲು, ಆ ವಸ್ತು ಏನು, ಅದು ಚರ್ಮದೊಳಗೆ ಎಲ್ಲಿಯವರೆಗೆ ಹೋಗಬಲ್ಲದು, ನಮ್ಮ ಸೀಮೆಯ ಬಿಸಿಲಿನ ಎದುರು ಅದರ ಆಟ ಎಷ್ಟು ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ನಮ್ಮ ದೇಹದ ಪ್ರೋಟೀನುಗಳೆಲ್ಲ ಅಮೈನೋ ಆಮ್ಲಗಳು ಒಂದಕ್ಕೊಂದು ಕೂಡಿಕೊಂಡು ಆದವು. ಎರಡು ಅಮೈನೋ ಆಮ್ಲಗಳು ಸೇರುವಾಗ ಒಂದು ನೀರಿನ ಅಣು ಹೊರಬಿದ್ದು, ಅವುಗಳ ನಡುವೆ ಗಟ್ಟಿಯಾದ ಒಂದು ಬಂಧ ಏರ್ಪಡುತ್ತದೆ. ಹೀಗೆ ಎರಡರಿಂದ ಹಿಡಿದು ಸುಮಾರು ಐವತ್ತರವರೆಗೆ ಅಮೈನೋ ಆಮ್ಲಗಳಿರುವ ಸರಪಳಿಯನ್ನು ಪೆಪ್ಟೈಡ್ ಎಂದೂ ಅದಕ್ಕಿಂತ ಉದ್ದನೆಯದನ್ನು ಪ್ರೋಟೀನ್ ಎಂದೂ ಕರೆಯುವುದು ವಾಡಿಕೆ. ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್ 1901ರಲ್ಲಿ ಎರಡು ಗ್ಲೈಸೀನ್ ಅಣುಗಳಿರುವ ಪೆಪ್ಟೈಡನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು.

ಚರ್ಮದ ಮಟ್ಟಿಗೆ ಮುಖ್ಯವಾದ ಪ್ರೋಟೀನ್ ಕೊಲಾಜನ್. ಹೊರಚರ್ಮದ ಕೆಳಗಿರುವ ಒಳಚರ್ಮಕ್ಕೆ ಬಿಗುವು ಕೊಡುವ ನಾರುಗಳು ಇದರವೇ. ಇದರ ರಚನೆಯನ್ನು ಬಿಡಿಸಿಟ್ಟವರಲ್ಲಿ ನಮ್ಮವರೇ ಆದ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮೊದಲಿಗರ ಸಾಲಿನಲ್ಲಿದ್ದಾರೆಂಬುದು ಹೆಮ್ಮೆಯ ವಿಷಯ. ಮದರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಂದಿಗೆ 1954 ಮತ್ತು 1955ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅವರು, ಕೊಲಾಜನ್‌ನಲ್ಲಿ ಮೂರು ಸರಪಳಿಗಳು ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದು ತೋರಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನೆಲೆಸಿದರು. ಆ ಸರಪಳಿಗಳಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇರಲೇಬೇಕು, ಏಕೆಂದರೆ ಹೊಸೆತದ ನಡುವಿನ ಇಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಆ ಅಮೈನೋ ಆಮ್ಲವೊಂದೇ ಹಿಡಿಸುತ್ತದೆ.

ಕೊಲಾಜನ್ ಮುರಿದಾಗ ಉಳಿಯುವ ಚೂರುಗಳು ಬರಿಯ ಕಸವಲ್ಲ. ಅವುಗಳಲ್ಲಿ ಕೆಲವು, ನಾರುಗಳನ್ನು ನೇಯುವ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳಿಗೆ ‘ಇಲ್ಲಿ ದುರಸ್ತಿ ಆಗಬೇಕು’ ಎಂಬ ಸೂಚನೆಯಾಗಿ ಕೆಲಸ ಮಾಡುತ್ತವೆ. ಪೆಪ್ಟೈಡ್ ಕ್ರೀಮುಗಳ ಹಿಂದಿರುವ ವಿಚಾರವೆಲ್ಲ ಇದೇ: ಅಂಥ ಸೂಚನೆಯನ್ನು ಹೊರಗಿನಿಂದ ಕೊಟ್ಟರೆ ಜೀವಕೋಶ ಹೊಸ ಕೊಲಾಜನ್ ತಯಾರಿಸಬಹುದು. ಕೊಲಾಜನ್ ತಯಾರಾಗುವ ಹಂತದ ಮೂಲ ಪ್ರೋಟೀನಿನ ಒಂದು ತುಣುಕು, ಐದೇ ಅಮೈನೋ ಆಮ್ಲಗಳದ್ದು, ಪ್ರಯೋಗಾಲಯದ ಜೀವಕೋಶಗಳಲ್ಲಿ ಹೀಗೆ ಉತ್ತೇಜನ ಕೊಡುತ್ತದೆಂದು 1993ರಲ್ಲಿ ವರದಿಯಾಯಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1973ರಲ್ಲಿ, ಅಮೆರಿಕದ ಲೊರೆನ್ ಪಿಕಾರ್ಟ್ ಮನುಷ್ಯರ ರಕ್ತದ ಪ್ಲಾಸ್ಮಾದಿಂದ ಗ್ಲೈಸೀನ್, ಹಿಸ್ಟಿಡೀನ್, ಲೈಸೀನ್ ಎಂಬ ಮೂರರ ಪೆಪ್ಟೈಡೊಂದನ್ನು ಬೇರ್ಪಡಿಸಿದ್ದರು. ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಅದೇ ಇಂದು ‘ಕಾಪರ್ ಪೆಪ್ಟೈಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಮೂರನೆಯ ಬಗೆಯದು ನರವು ಸ್ನಾಯುವಿಗೆ ಕಳುಹಿಸುವ ಆಜ್ಞೆಯನ್ನು ತಗ್ಗಿಸುವಂಥದ್ದು. ಆದರೆ ಆ ಸ್ನಾಯು ಇರುವುದು ಚರ್ಮಕ್ಕಿಂತ ಕೆಳಗೆ, ಮೇಲೆ ಹಚ್ಚಿದ್ದು ಅಲ್ಲಿಯವರೆಗೆ ಇಳಿಯುತ್ತದೆ ಎಂದು ನಂಬುವುದು ಕಷ್ಟ.

ತೊಡಕು ಇರುವುದು ಈ ತಲುಪುವ ವಿಷಯದಲ್ಲಿಯೇ. ಚರ್ಮದ ತೀರ ಮೇಲಿನ ಸತ್ತ ಜೀವಕೋಶಗಳ ಪದರ ಮುಖದಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳು. ಆದರೂ ಜೀವಕೋಶಗಳ ನಡುವೆ ಕೊಬ್ಬಿನಂಶ ಮೆತ್ತಿರುವುದರಿಂದ ಅದು ಚಿತ್ರದುರ್ಗದ ಕೋಟೆಯ ಗೋಡೆಯಂತೆ ನಿಂತಿರುತ್ತದೆ. ಓಬವ್ವನ ಕಿಂಡಿಯಲ್ಲಿ ಒಬ್ಬನೇ ಮೈ ಕುಗ್ಗಿಸಿ ನುಸುಳಬಹುದಾದಂತೆ, ಇಲ್ಲಿಯೂ ಸಣ್ಣ ಗಾತ್ರದವಕ್ಕೆ ಮಾತ್ರ ದಾರಿ. ಅಣುಗಳ ತೂಕವನ್ನು ಅಳೆಯುವ ಮಾನ ಡಾಲ್ಟನ್. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಈ ಪದರವನ್ನು ದಾಟುವುದು ದುಸ್ತರವೆಂಬುದು 2000ದಲ್ಲಿ ಮುಂದಿಟ್ಟ, ಈಗ ಎಲ್ಲರೂ ಉಲ್ಲೇಖಿಸುವ ಸ್ಥೂಲ ನಿಯಮ. ಕೊಲಾಜನ್ ಅಣುವಿನ ತೂಕ ಸುಮಾರು ಮೂರು ಲಕ್ಷ ಡಾಲ್ಟನ್, ಹಾಗಾಗಿ ‘ಕೊಲಾಜನ್ ಕ್ರೀಮ್’ ಮೇಲ್ಮೈಯಲ್ಲಿ ತೇವ ಹಿಡಿದಿಡುತ್ತದೆಯೇ ಹೊರತು ಒಳಚರ್ಮಕ್ಕೆ ಹೋಗಿ ಸೇರುವುದಿಲ್ಲ. ಐದು ಅಮೈನೋ ಆಮ್ಲಗಳ ಪೆಪ್ಟೈಡ್ ಸುಮಾರು 560 ಡಾಲ್ಟನ್ ತೂಗುತ್ತದೆ ಮತ್ತು ನೀರನ್ನು ಇಷ್ಟಪಡುತ್ತದೆ. ಅದಕ್ಕಾಗಿ ತಯಾರಕರು ಅದಕ್ಕೆ ಪಾಲ್ಮಿಟಿಕ್ ಎಂಬ ಕೊಬ್ಬಿನಾಮ್ಲವನ್ನು ಜೋಡಿಸುತ್ತಾರೆ. ತೂಕ 800 ದಾಟಿದರೂ, ಕೊಬ್ಬಿನೊಂದಿಗೆ ಬೆರೆಯುವ ಗುಣ ಬರುವುದರಿಂದ ಒಳಗೆ ಇಳಿಯುವುದು ತುಸು ಸುಲಭವಾಗುತ್ತದೆ.

ಹೀಗೆ ಮಾಡಿದ ಪೆಪ್ಟೈಡಿನ ಪರೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. 35ರಿಂದ 55 ವಯಸ್ಸಿನ 93 ಬಿಳಿಯ ಮಹಿಳೆಯರು ಹನ್ನೆರಡು ವಾರ ಮುಖದ ಒಂದು ಬದಿಗೆ ಪೆಪ್ಟೈಡ್ ಇರುವ ಕ್ರೀಮನ್ನೂ ಇನ್ನೊಂದು ಬದಿಗೆ ಅದಿಲ್ಲದ ಕ್ರೀಮನ್ನೂ ಹಚ್ಚಿದರು. ಪೆಪ್ಟೈಡಿನ ಬದಿಯಲ್ಲಿ ಸಣ್ಣ ಗೆರೆಗಳು ಗಮನಿಸುವಷ್ಟು ಕಡಿಮೆಯಾದವು. ಬಳಸಿದ ಪ್ರಮಾಣ ಹತ್ತು ಲಕ್ಷದಲ್ಲಿ ಮೂರು ಭಾಗ ಮಾತ್ರ. ಹಾಗಾಗಿ ಸೀಸೆಯ ಹಿಂಬದಿಯ ಪಟ್ಟಿಯಲ್ಲಿ ನೀರು, ಗ್ಲಿಸರಿನ್ ಮೊದಲಿಗೆ ಬಂದು, ಈ ಪೆಪ್ಟೈಡಿನ ಹೆಸರಾದ ‘ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4’ ಕೊನೆಯಲ್ಲಿ ಕಂಡರೆ ಅದನ್ನು ಮೋಸವೆನ್ನಲಾಗದು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಲು ನಿಯಮ ಅವಕಾಶ ಕೊಡುತ್ತದೆ. ಆದರೆ ಈ ಪರೀಕ್ಷೆ ನಡೆಸಿದವರು ಕ್ರೀಮು ತಯಾರಿಸುವ ಉದ್ಯಮದವರೇ, ಕಂಡ ಫಲವೂ ಸಾಧಾರಣವೇ. ಇನ್ನೂ ಮುಖ್ಯವಾದದ್ದು, ನಮ್ಮಂಥ ಕಂದು ಚರ್ಮದಲ್ಲಿ ವಯಸ್ಸಿನ ಗುರುತಾಗಿ ಮೊದಲು ಕಾಣಿಸುವುದು ಸಾಮಾನ್ಯವಾಗಿ ಸುಕ್ಕಲ್ಲ, ಕಪ್ಪು ಕಲೆ ಮತ್ತು ಬಂಗು. ಬಿಳಿಯರ ಸುಕ್ಕಿಗೆ ಸಿಕ್ಕ ಫಲಿತಾಂಶವನ್ನು ನಮ್ಮ ಬಂಗಿಗೆ ಅನ್ವಯಿಸಲು ಬರುವುದಿಲ್ಲ.

ಚಳ್ಳಕೆರೆಯ ಶೇಂಗಾ ಹೊಲದಲ್ಲಿ ದುಡಿದ ಹೆಣ್ಣುಮಗಳೊಬ್ಬರ ರಟ್ಟೆಯ ಒಳಭಾಗವನ್ನೂ ಮುಂಗೈಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚರ್ಮ ಮುಪ್ಪಾಗುವುದರ ಕಾರಣ ಕಣ್ಣಿಗೇ ಕಾಣುತ್ತದೆ: ಒಂದು ನಯವಾಗಿ ತಿಳಿಯಾಗಿದೆ, ಇನ್ನೊಂದು ಒರಟಾಗಿ, ಕಪ್ಪಾಗಿ, ಗೆರೆಬಿದ್ದಿದೆ. ವಯಸ್ಸು ಒಂದೇ, ರಕ್ತ ಒಂದೇ, ಬೇರೆಯದೆಂದರೆ ಬಿಸಿಲು. ನೇರಳಾತೀತ ಕಿರಣ ತಾಗಿದಾಗ ಚರ್ಮದಲ್ಲಿ ಕೊಲಾಜನನ್ನು ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಅದರಲ್ಲಿ ‘ಎ’ ಬಗೆಯದು ಮೋಡವನ್ನೂ ಬಸ್ಸಿನ ಕಿಟಕಿಯ ಗಾಜನ್ನೂ ದಾಟಿ ಒಳಚರ್ಮದವರೆಗೆ ಇಳಿಯುತ್ತದೆ. ಸುಮಾರು 14 ಡಿಗ್ರಿ ಅಕ್ಷಾಂಶದ, ಮಳೆ ಕಡಿಮೆಯಾದ ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಈ ಕೊರೆತ ವರ್ಷವಿಡೀ ನಡೆಯುತ್ತದೆ. ರಾತ್ರಿ ಪೆಪ್ಟೈಡ್ ಹಚ್ಚಿ ಹಗಲು ಬರಿಮುಖದಲ್ಲಿ ತಿರುಗುವವರಿಗೆ ಅದರಿಂದ ಹೆಚ್ಚೇನೂ ದಕ್ಕದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಆಸ್ಟ್ರೇಲಿಯಾದಲ್ಲಿ 903 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ನಾಲ್ಕೂವರೆ ವರ್ಷಗಳಲ್ಲಿ, ಇಷ್ಟಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಮುಪ್ಪಾಗಿತ್ತು. ಯಾವ ಪೆಪ್ಟೈಡಿಗೂ ಇಷ್ಟು ದೀರ್ಘಕಾಲದ, ಇಷ್ಟು ಗಟ್ಟಿಯಾದ ಪುರಾವೆ ನನ್ನ ಕಣ್ಣಿಗೆ ಬಿದ್ದಿಲ್ಲ. ಸನ್‌ಸ್ಕ್ರೀನ್ ಕೊಳ್ಳಲಾಗದವರಿಗೆ ಸೆರಗು, ಟವೆಲ್, ಕೊಡೆ ಇವೆ. ಅವೂ ನಿಜವಾದ ರಕ್ಷಣೆಯೇ.

ಪೆಪ್ಟೈಡಿನಿಂದ ಆಗುವ ಕೆಡುಕು ಬಹುಪಾಲು ದುಡ್ಡಿನದ್ದಷ್ಟೇ, ಅಪರೂಪಕ್ಕೆ ಒಂದಿಷ್ಟು ತುರಿಕೆ. ನನಗೆ ನಿಜವಾಗಿ ಕಳವಳ ತರುವುದು ಅದೇ ಕಪಾಟಿನಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ, ಬೆಳ್ಳಗಾಗಲೆಂದು ಹುಡುಗಿಯರು ತಿಂಗಳುಗಟ್ಟಲೆ ಹಚ್ಚುವ ಸ್ಟಿರಾಯ್ಡ್ ಬೆರೆತ ಮುಲಾಮುಗಳು. ಸ್ಟಿರಾಯ್ಡ್ ಕೊಲಾಜನ್ ತಯಾರಿಕೆಯನ್ನೇ ತಗ್ಗಿಸಿ ಚರ್ಮವನ್ನು ತೆಳ್ಳಗಾಗಿಸುತ್ತದೆ, ಮುಖದಲ್ಲಿ ಸಣ್ಣ ರಕ್ತನಾಳಗಳು ಕೆಂಪಾಗಿ ಎದ್ದು ಕಾಣುತ್ತವೆ, ನಿಲ್ಲಿಸಿದ ಕೂಡಲೇ ಉರಿ ಹೆಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮವನ್ನು ಬಿಗಿಗೊಳಿಸಿತು. ಅಂಥದ್ದನ್ನು ಬಹುದಿನ ಹಚ್ಚಿ ಮುಖ ಉರಿಯುತ್ತಿರುವವರು ಅದರ ಮೇಲೆ ಪೆಪ್ಟೈಡ್ ಸೀರಮ್ ಸುರಿಯದೆ, ಖಾಲಿಯಾದ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಯಾವ ಸ್ಟಿರಾಯ್ಡ್, ಎಷ್ಟು ದಿನ ಎಂಬುದರ ಮೇಲೆಯೇ ಚಿಕಿತ್ಸೆ ನಿಂತಿದೆ.