ಒಬ್ಬರ ಮನಸ್ಸು ಕಲಕುವ ಕಾದಂಬರಿ ಇನ್ನೊಬ್ಬರಿಗೇಕೆ ಬೇಸರ ತರುತ್ತದೆ?

ಪ್ರಶ್ನೆ: ತಾಯಿ ಮತ್ತು ಮಗನ ನಡುವಿನ ಹಳೆಯ ಮುನಿಸಿನ ಕುರಿತಾದ ಕಾದಂಬರಿಯೊಂದನ್ನು ನಾನೂ ನನ್ನ ಗೆಳತಿಯೂ ಓದಿದೆವು. ಕಥೆ ಬಹುಪಾಲು ಮಗನ ಮನಸ್ಸಿನೊಳಗೇ ನಡೆಯುತ್ತದೆ. ನನ್ನನ್ನು ಅದು ಬಹಳ ದಿನ ಕಾಡಿತು. ಅವಳಿಗೆ ಬರೀ ಗೋಳು ಎನ್ನಿಸಿತು. ಒಂದೇ ಪುಸ್ತಕ ಹೀಗೆ ಎರಡು ಬಗೆಯಾಗಿ ಕಾಣುವುದೇಕೆ? ಯಾರ ಓದು ಸರಿ?

ಉತ್ತರ: ಲೋಕೋ ಭಿನ್ನರುಚಿಃ ಎಂದು ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಅಂತರ್ಮುಖಿ ಕಥನದ ಮಟ್ಟಿಗೆ ಆ ಉತ್ತರ ಸಾಲದು. ಇಂಥ ಕಾದಂಬರಿಯಲ್ಲಿ ನಮಗೆ ಸಿಗುವುದು ಜಗಳದ ಒಂದು ಕಡೆಯ ಹೇಳಿಕೆ ಮಾತ್ರ. ಮಗ ತೋರಿಸಿದಷ್ಟೇ ತಾಯಿ ನಮಗೆ ಕಾಣುತ್ತಾಳೆ. ಅವಳು ಆಡಬಹುದಾಗಿದ್ದ ಮಾತನ್ನು ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ, ಮತ್ತು ಆ ಊಹೆಗೆ ಬೇಕಾದ ಸಾಮಗ್ರಿಯನ್ನು ಪ್ರತಿಯೊಬ್ಬರೂ ತರುವುದು ತಾವು ಬಾಳಿದ ಮನೆಯಿಂದಲೇ. ಭಿನ್ನಾಭಿಪ್ರಾಯ ಹುಟ್ಟುವುದು ಇಲ್ಲಿ.

ಉದಾಹರಣೆಗೆ ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳೋಣ: “ನಾನು ಆಸ್ಪತ್ರೆಯಿಂದ ಮರಳಿದ ದಿನವೂ ಅಮ್ಮ ಏನೂ ಕೇಳಲಿಲ್ಲ, ತಟ್ಟೆಯಿಟ್ಟು, ಬಡಿಸಿ, ಒಳಗೆ ಹೋದಳು.” ಮಾತಿಗಾಗಿ ಹಂಬಲಿಸುತ್ತ ಬೆಳೆದವರಿಗೆ ಇದು ಕಲ್ಲೆದೆಯ ತಾಯಿಯ ಚಿತ್ರ. ಅಕ್ಕರೆಯನ್ನು ಬಾಯಿಬಿಟ್ಟು ಹೇಳದ ಹಿರಿಯರ ನಡುವೆ ಬೆಳೆದವರಿಗೆ ಆ ಬಡಿಸುವಿಕೆಯೇ ಅವಳು ಕೇಳಿದ ಪ್ರಶ್ನೆ. ವರ್ಷಗಟ್ಟಲೆ ಮನೆಯವರ ಆರೈಕೆ ಮಾಡಿ ದಣಿದವರು ತಾಯಿಯತ್ತ ನೋಡುವುದಕ್ಕೂ ಮೊದಲು ಮಗನತ್ತ ನೋಡಿ, ‘ಇವನಾದರೂ ಅವಳನ್ನು ಎಂದಾದರೂ ವಿಚಾರಿಸಿದ್ದನೇ?’ ಎಂದು ಕೇಳಿಯಾರು. ಜರ್ಮನಿಯ ವಿಮರ್ಶಕ ವೋಲ್ಫ್‌ಗಾಂಗ್ ಈಸರ್ ಕೃತಿಯಲ್ಲಿನ ಇಂಥ ಖಾಲಿ ಜಾಗಗಳನ್ನು ದೋಷವೆಂದು ನೋಡಲಿಲ್ಲ. ಓದುಗನನ್ನು ಅರ್ಥ ಕಟ್ಟುವ ಕೆಲಸಕ್ಕೆ ಹಚ್ಚುವುದೇ ಅವು ಎಂಬುದು ಅವನ ವಾದ.

ಹಾಗಾದರೆ ಅಂಥದೇ ಅನುಭವವಿದ್ದವರು ಹೆಚ್ಚು ಚೆನ್ನಾಗಿ ಓದುತ್ತಾರೆಯೇ? ಹಾಗೆಂದು ನಾವು ಸಲೀಸಾಗಿ ನಂಬಿಬಿಡುತ್ತೇವೆ, ಆದರೆ ನನಗೆ ಅದು ಅರ್ಧಸತ್ಯವೆಂದೇ ತೋರುತ್ತದೆ. ತನ್ನ ಸ್ವಂತ ಸುಖದುಃಖಗಳಿಗೆ ವಶವಾಗಿರುವುದನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷಗಳ ಹಿಂದೆಯೇ ಏಳು ರಸವಿಘ್ನಗಳಲ್ಲಿ, ಅಂದರೆ ಕೃತಿಯನ್ನು ಸವಿಯಲು ಬರುವ ಅಡ್ಡಿಗಳಲ್ಲಿ, ಒಂದೆಂದು ಎಣಿಸಿದ್ದಾನೆ. ಇಂಗ್ಲೆಂಡಿನ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ಮರೆಮಾಡಿ ಪದ್ಯಗಳನ್ನು ಓದಲು ಕೊಟ್ಟು, ಬಂದ ಪ್ರತಿಕ್ರಿಯೆಗಳನ್ನು 1929ರಲ್ಲಿ ವಿಶ್ಲೇಷಿಸಿ ಪ್ರಕಟಿಸಿದಾಗ, ಪದ್ಯಕ್ಕೆ ಸಂಬಂಧವಿಲ್ಲದ ಖಾಸಗಿ ನೆನಪುಗಳು ನುಗ್ಗಿಬರುವುದನ್ನು ಓದಿನ ತೊಡಕುಗಳಲ್ಲಿ ಒಂದೆಂದು ಗುರುತಿಸಿದ. ಕಾಲವೂ ದೇಶವೂ ಬೇರೆಯಾದ ಇಬ್ಬರು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ. ಪುಸ್ತಕದೊಳಗೆ ನಮ್ಮನ್ನು ಕರೆದೊಯ್ದ ನೆನಪೇ, ಗಾಯ ಇನ್ನೂ ಹಸಿಯಾಗಿದ್ದರೆ, ಪುಟದ ಮೇಲಿನ ತಾಯಿಯನ್ನು ಮರೆಮಾಡಿ ನಮ್ಮ ತಾಯಿಯನ್ನೇ ಅಲ್ಲಿ ನಿಲ್ಲಿಸಿಬಿಡುತ್ತದೆ.

ನಿಮ್ಮ ಗೆಳತಿಗೆ ಕೇಳಿಸಿದ ಗೋಳನ್ನೂ ತಳ್ಳಿಹಾಕುವಂತಿಲ್ಲ. ‘ನಾನು’ ಎಂದು ಕಥೆ ಹೇಳುವವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ ಎಂಬ ನೆಲೆಯನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಸ್ಪಷ್ಟವಾಗಿ ಮಂಡಿಸಿದ ಮೇಲೆ, ವಿಶ್ವಾಸಾರ್ಹನಲ್ಲದ ನಿರೂಪಕನೆಂಬ ಕಲ್ಪನೆ ವಿಮರ್ಶೆಯಲ್ಲಿ ನೆಲೆಯೂರಿತು. ನೀವು ಮಗನನ್ನು ಸಾಕ್ಷಿಯೆಂದು ನಂಬಿ ಓದಿರಬಹುದು, ಅವಳು ತನ್ನನ್ನು ಸಮರ್ಥಿಸಿಕೊಳ್ಳುತ್ತಿರುವ ಆರೋಪಿಯೆಂದು ಅನುಮಾನಿಸಿ ಓದಿರಬಹುದು. ಲೇಖಕರೇ ಆ ಅನುಮಾನವನ್ನು ಬಯಸಿ ಬರೆದಿದ್ದರೆ, ಬೇಸರಪಟ್ಟ ಅವಳೇ ಕೃತಿಗೆ ಹೆಚ್ಚು ಹತ್ತಿರವಿದ್ದಾಳೆ. (ಘಟನೆಗಳೇ ಇಲ್ಲದ ನಿಧಾನಗತಿಯ ಬರವಣಿಗೆ ಕೆಲವರಿಗೆ ಒಗ್ಗುವುದಿಲ್ಲ ಎಂಬುದು ಬೇರೆ ಮಾತು.)

ಆದರೂ ಎಲ್ಲ ಓದುಗಳೂ ಸಮಾನವಲ್ಲ. ಮೇಲಿನ ವಾಕ್ಯದಲ್ಲಿ ತಾಯಿಯನ್ನು ಕಲ್ಲೆದೆಯವಳೆನ್ನುವವರು ಬಡಿಸಿದ ತಟ್ಟೆಗೂ ಲೆಕ್ಕ ಕೊಡಬೇಕು. ಅಕ್ಕರೆಯವಳೆನ್ನುವವರು ಅವಳು ಮಗನೆದುರು ಒಂದು ಗಳಿಗೆಯೂ ನಿಲ್ಲದೆ ಒಳಗೆ ಹೋದದ್ದಕ್ಕೆ ಲೆಕ್ಕ ಕೊಡಬೇಕು. ಪುಟದಲ್ಲಿರುವ ವಿವರವನ್ನು ಅಳಿಸಿದರೆ ಮಾತ್ರ ನಿಲ್ಲುವ ಓದು ದುರ್ಬಲವಾದದ್ದು. ಇನ್ನು ತಪ್ಪು ಪುಸ್ತಕದ್ದೇ ಆಗಿರುವ ಸಾಧ್ಯತೆಯೂ ಇದೆ: ಮಗ ವಿವರಿಸಿದ್ದಕ್ಕಿಂತ ಹೆಚ್ಚಿನದೇನೂ ತಾಯಿಯಲ್ಲಿ ಉಳಿದಿಲ್ಲವಾದರೆ, ಅವನ ಆರೋಪಕ್ಕೆ ಹೊಂದದ ಒಂದು ಕೆಲಸವನ್ನೂ ಅವಳು ಇಡೀ ಕಾದಂಬರಿಯಲ್ಲಿ ಮಾಡುವುದಿಲ್ಲವಾದರೆ, ಓದುಗರು ತುಂಬಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ನೀವಿಬ್ಬರೂ ಮತ್ತೆ ಆ ಪುಸ್ತಕದ ಬಗ್ಗೆ ಮಾತಿಗೆ ಕೂತರೆ, ಇಷ್ಟವಾಯಿತೇ ಇಲ್ಲವೇ ಎಂಬುದನ್ನು ಬದಿಗಿಟ್ಟು, ಅಂಥ ಒಂದು ಕೆಲಸವನ್ನು ಹುಡುಕಿ ನೋಡಿ.