ಹೆಚ್ಚುವ ಹಲಗೆಯೂ ಒಂದು ಪಾತ್ರೆಯೇ

ಆಹಾರ ಸುರಕ್ಷತೆಯ ತರಬೇತಿ ನೀಡಲು ನಾನು ಹೋದಲ್ಲೆಲ್ಲ, ಅದು ಹೋಟೆಲಿನ ಅಡುಗೆಮನೆಯಾಗಿರಲಿ, ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಸಭೆಯಾಗಿರಲಿ, ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ತರಕಾರಿ ಹೆಚ್ಚಲು ಮರದ ಹಲಗೆ ಒಳ್ಳೆಯದೋ, ಪ್ಲಾಸ್ಟಿಕ್ಕಿನದೋ? ಇತ್ತೀಚೆಗೆ ಈ ಪಟ್ಟಿಗೆ ಬಿದಿರು, ಗಾಜು ಮತ್ತು ಸ್ಟೀಲಿನ ಹಲಗೆಗಳೂ ಸೇರಿಕೊಂಡಿವೆ. ಪ್ರಶ್ನೆ ಸಹಜವೇ ಆಗಿದ್ದರೂ ಅಡುಗೆಮನೆಗಳಲ್ಲಿ ನಾನು ಕಾಣುವ ತೊಂದರೆ ಬೇರೆಯದು. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಪಾತ್ರೆ ಮುಟ್ಟದಷ್ಟು ಮುಸುರೆಯ ಎಚ್ಚರವಿರುವ ಮನೆಗಳಲ್ಲಿಯೂ ಹೆಚ್ಚುವ ಹಲಗೆಯನ್ನು ನಲ್ಲಿಯ ಕೆಳಗೆ ಒಮ್ಮೆ ಹಿಡಿದು, ಪಕ್ಕದಲ್ಲಿದ್ದ ಮಸಿಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿಬಿಡುತ್ತಾರೆ. ಸಾಬೂನು ಕಾಣದೆ ವಾರಗಟ್ಟಲೆ ದುಡಿಯುವ ಪಾತ್ರೆ ಆ ಮನೆಯಲ್ಲಿ ಬೇರೊಂದಿರುವುದಿಲ್ಲ.

ಇದಕ್ಕೆ ನಿರ್ಲಕ್ಷ್ಯ ಕಾರಣವೆಂದು ನಾನು ಹೇಳಲಾರೆ. ನಮ್ಮ ಹಳೆಯ ಅಡುಗೆಮನೆಗೆ ಹಲಗೆಯ ಅಗತ್ಯವೇ ಇರಲಿಲ್ಲ. ಈಳಿಗೆ ಮಣೆಯಲ್ಲಿ, ಅಥವಾ ಕರಾವಳಿ ಮಲೆನಾಡುಗಳ ಮೆಟ್ಟುಗತ್ತಿಯಲ್ಲಿ, ಅಲಗು ನಿಂತಲ್ಲೇ ನಿಂತಿರುತ್ತದೆ, ಚಲಿಸುವುದು ಕೈಯೊಳಗಿನ ತರಕಾರಿ. ಹೆಚ್ಚಿದ ಹೋಳು ನೇರವಾಗಿ ಕೆಳಗಿನ ನೀರಿನ ಪಾತ್ರೆಗೆ ಬೀಳುವುದರಿಂದ ಆಹಾರಕ್ಕೆ ತಾಗುವುದು ಅಲಗು ಮತ್ತು ಕೈಗಳು ಮಾತ್ರ. ಅಲಗನ್ನು ತೊಳೆದು ಮಣೆಯನ್ನು ಮೂಲೆಯಲ್ಲಿ ಮಡಚಿಟ್ಟರೆ ಕೆಲಸ ಮುಗಿಯಿತು. ಮಣೆ ಕೂರುವುದಕ್ಕಾಗಿ ಇದ್ದದ್ದೇ ಹೊರತು ಆಹಾರವನ್ನು ಇಡುವುದಕ್ಕಾಗಿ ಅಲ್ಲ. ಗ್ಯಾಸ್ ಒಲೆ ಬಂದು, ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಚಾಕು ಮತ್ತು ಹಲಗೆ ಒಟ್ಟಿಗೆ ಒಳಗೆ ಬಂದವು. ಹಲಗೆ ಬಂದರೂ ಅದನ್ನು ನೋಡಿಕೊಳ್ಳುವ ರೂಢಿ ಜೊತೆಯಲ್ಲಿ ಬರಲಿಲ್ಲ, ಮಣೆಗೆ ಇದ್ದ ರೂಢಿಯೇ ಹಲಗೆಗೂ ಅಂಟಿಕೊಂಡಿತು.

ಇಂದು ಮನೆಗಳಲ್ಲಿ ಹಲಗೆಯ ಕೆಲಸ ಮಾಡುತ್ತಿರುವ ವಸ್ತುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹುರುಳಿಕಾಯಿ, ಬೆಂಡೆಕಾಯಿಗಳನ್ನು ಹಲಗೆಯೇ ಇಲ್ಲದೆ ಹೆಬ್ಬೆರಳಿನತ್ತ ಚಾಕು ಎಳೆದು ಕೈಯಲ್ಲೇ ಹೆಚ್ಚುವವರು ಇನ್ನೂ ಬಹಳ. ಸ್ಟೀಲಿನ ತಟ್ಟೆಯನ್ನು ಬೋರಲು ಹಾಕಿ ಈರುಳ್ಳಿ ಹೆಚ್ಚುವವರಿದ್ದಾರೆ, ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಟೊಮೇಟೊ ಹೆಚ್ಚುವವರೂ ಇದ್ದಾರೆ. ಚಪಾತಿ ಮಣೆಯನ್ನು ಹಲಗೆಯಾಗಿ ಬಳಸುವುದಂತೂ ಸರ್ವೇಸಾಮಾನ್ಯ, ಮತ್ತು ಇವುಗಳಲ್ಲಿ ನನಗೆ ಹೆಚ್ಚು ಕಳವಳ ತರುವುದು ಅದೇ. ಚಾಕುವಿನ ಗೀರು ಬಿದ್ದ ಚಪಾತಿ ಮಣೆಯಲ್ಲಿ ಒದ್ದೆ ಹಿಟ್ಟು ಕೂತು ಹುಳಿಯುತ್ತದೆ, ಅದೇ ಗೀರಿಗೆ ಈರುಳ್ಳಿಯ ರಸವೂ ಇಳಿಯುತ್ತದೆ, ಮರುದಿನ ಅದರ ಮೇಲೆ ಹೊಸ ಹಿಟ್ಟು ಲಟ್ಟಿಸಲಾಗುತ್ತದೆ. ಚಪಾತಿಯೇನೋ ಕಾವಲಿಯ ಮೇಲೆ ಬೇಯುತ್ತದೆ, ಆದರೆ ಅದೇ ಮಣೆಯ ಮೇಲೆ ಸಂಜೆ ಸೌತೆಕಾಯಿ ಹೆಚ್ಚಿದರೆ ಅದು ಬೇಯುವುದಿಲ್ಲ. ಹಲಗೆಗೇ ಚಾಕುವನ್ನು ಕೀಲಿನಿಂದ ಜೋಡಿಸಿ ಜಾತ್ರೆಗಳಲ್ಲಿ ಮಾರುವ ಪ್ಲಾಸ್ಟಿಕ್ ಸಾಧನವನ್ನು ಕೊಳ್ಳಬೇಡಿರೆಂದೇ ಹೇಳುತ್ತೇನೆ, ಏಕೆಂದರೆ ಆ ಕೀಲಿನ ಸಂದನ್ನು ಬಿಚ್ಚಿ ತೊಳೆಯುವ ದಾರಿಯೇ ಇರುವುದಿಲ್ಲ.

ಇನ್ನು ಮರ ಮತ್ತು ಪ್ಲಾಸ್ಟಿಕ್ಕಿನ ವಾದಕ್ಕೆ ಬರೋಣ. ಪ್ಲಾಸ್ಟಿಕ್ ನೀರು ಹೀರುವುದಿಲ್ಲ, ಆದ್ದರಿಂದ ಅದು ಸ್ವಚ್ಛ ಎಂಬ ನಂಬಿಕೆ ಬಹುಕಾಲ ಪ್ರಶ್ನೆಯಿಲ್ಲದೆ ನಡೆದುಬಂದಿತ್ತು. ಅಮೆರಿಕದ ಆಹಾರ ಸೂಕ್ಷ್ಮಜೀವಿ ತಜ್ಞ ಡೀನ್ ಕ್ಲೈವರ್ ಮತ್ತು ಅವರ ಸಂಗಡಿಗರು ಮರದ ಹಲಗೆಯನ್ನು ಪ್ಲಾಸ್ಟಿಕ್ಕಿನಷ್ಟು ಸುರಕ್ಷಿತಗೊಳಿಸುವ ವಿಧಾನ ಹುಡುಕಲು ಹೊರಟು 1994ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಆ ನಂಬಿಕೆಯನ್ನು ಅಲುಗಿಸಿದವು. ಮರದ ಮೇಲೆ ಹಾಕಿದ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲೈ ಬ್ಯಾಕ್ಟೀರಿಯಾಗಳು ತೇವದೊಡನೆ ಮರದ ಒಳಗೆ ಇಳಿದುಹೋಗಿ, ಮೇಲ್ಮೈಗೆ ಮರಳಿ ಬಾರದೆ, ಒಳಗೆ ವೃದ್ಧಿಯೂ ಆಗದೆ ಕ್ರಮೇಣ ಸಾಯುತ್ತಿದ್ದವು. ಹೊಸ ಪ್ಲಾಸ್ಟಿಕ್ ಹಲಗೆಯನ್ನು ತೊಳೆಯುವುದು ಸುಲಭವಾಗಿತ್ತಾದರೂ ಚಾಕುವಿನ ಗೀರುಗಳಿಂದ ಒರಟಾದ ಪ್ಲಾಸ್ಟಿಕ್ಕನ್ನು, ಅದರಲ್ಲೂ ಕೋಳಿಯ ಕೊಬ್ಬು ಗೀರುಗಳಲ್ಲಿ ಕೂತಿದ್ದಾಗ, ಕೈಯಿಂದ ತೊಳೆದು ಶುದ್ಧಗೊಳಿಸುವುದು ಸಾಧ್ಯವಾಗಲಿಲ್ಲ. ಕಾರಣ ಸರಳವಾಗಿದೆ. ಒಣಗುವ ಮರ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಕಳೆದುಕೊಂಡ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಪ್ಲಾಸ್ಟಿಕ್ಕಿನ ಗೀರಿನಲ್ಲಾದರೋ ತೇವ ಹಾಗೆಯೇ ನಿಂತಿರುತ್ತದೆ.

ಈ ಫಲಿತಾಂಶವನ್ನು ಓದಿದವರು ಮರವನ್ನು ತೊಳೆಯುವ ಅಗತ್ಯವಿಲ್ಲವೆಂಬ ತೀರ್ಮಾನಕ್ಕೆ ಬರುವುದನ್ನು ಕಂಡಿದ್ದೇನೆ, ಅದು ತಪ್ಪು. ಮರದ ಗುಣ ಕೆಲಸ ಮಾಡುವುದು ಹಲಗೆ ನಿಜವಾಗಿ ಒಣಗಿದಾಗ ಮಾತ್ರ. ಬೆಳಿಗ್ಗೆ ಏಳಕ್ಕೆ ಒದ್ದೆಯಾಗಿ ಮಧ್ಯಾಹ್ನದವರೆಗೂ ತೇವವಾಗಿಯೇ ಇರುವ ಹಲಗೆಗೆ ಆ ಗುಣವೆಲ್ಲಿಂದ ಬರಬೇಕು? ನನ್ನ ಅಭಿಪ್ರಾಯದಲ್ಲಿ ಎರಡೂ ವಸ್ತುಗಳು ಬಳಕೆಗೆ ಯೋಗ್ಯ. ದಪ್ಪದ ಮರದ ಹಲಗೆಯನ್ನು ದಿನನಿತ್ಯದ ತರಕಾರಿಗೂ, ಡಿಶ್‌ವಾಷರಿನಲ್ಲಿ ಹಾಕಬಹುದಾದ ಅಗ್ಗದ ಪ್ಲಾಸ್ಟಿಕ್ ಹಲಗೆಯನ್ನು ಮಾಂಸ ಮೀನುಗಳಿಗೂ ಇಟ್ಟುಕೊಂಡು, ಪ್ಲಾಸ್ಟಿಕ್ಕಿನ ಗೀರಿಗೆ ಉಗುರು ಸಿಕ್ಕಿಕೊಳ್ಳುವಂತಾದಾಗ ಅದನ್ನು ಎಸೆಯುವುದು ಒಳ್ಳೆಯ ಏರ್ಪಾಡು. ಮರದ ಹಲಗೆಯನ್ನು ಮಾತ್ರ ಡಿಶ್‌ವಾಷರಿಗೆ ಹಾಕಬಾರದು. ಅದರ ಬಿಸಿ ಮತ್ತು ನೀರಿಗೆ ಅಂಟಿನ ಜೋಡಣೆ ಬಿಡುತ್ತದೆ, ಮರ ಸೀಳುತ್ತದೆ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದ ತಾಯಂದಿರು ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳಿತು.

ಸ್ಟೀಲಿನ ಹಲಗೆಗಳಿಗೆ ಬೇಡಿಕೆ ಹೆಚ್ಚಿರುವುದು ಮೈಕ್ರೋಪ್ಲಾಸ್ಟಿಕ್ಕಿನ ಭಯದಿಂದ. ಪ್ಲಾಸ್ಟಿಕ್ ಹಲಗೆಯಿಂದ ಸೂಕ್ಷ್ಮ ಕಣಗಳು ಉದುರುವುದು ನಿಜ. ಅಮೆರಿಕದ ನಾರ್ತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ 50 ಗ್ರಾಂವರೆಗೆ ಕಣಗಳು ಬರಬಹುದು. ಕೊಚ್ಚುವ ರೀತಿ, ಒತ್ತಡ ಮತ್ತು ಹಲಗೆಯ ಜಾತಿಯನ್ನು ಅವಲಂಬಿಸಿ ಈ ಮೊತ್ತ ಬಹಳ ವ್ಯತ್ಯಾಸವಾಗುತ್ತದೆ. ಅದೇ ಅಧ್ಯಯನದಲ್ಲಿ ಇಲಿಯ ಜೀವಕೋಶಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಗಮನಾರ್ಹ ಹಾನಿ ಕಂಡುಬರಲಿಲ್ಲ ಎಂಬುದನ್ನು ಭಯ ಹರಡುವವರು ಹೇಳುವುದಿಲ್ಲ. ಪ್ಲಾಸ್ಟಿಕ್ ಕಣಗಳನ್ನು ತಪ್ಪಿಸಬೇಕೆನ್ನುವವರಿಗೆ ಮರ ಇದ್ದೇ ಇದೆ. ಸ್ಟೀಲನ್ನು ತೊಳೆಯುವುದು ಅತ್ಯಂತ ಸುಲಭ, ಆದರೆ ಲೋಹದ ಮೇಲೆ ಲೋಹ ಬಡಿದು ಚಾಕುವಿನ ಅಂಚು ಬಹುಬೇಗ ಮಡಚಿಕೊಳ್ಳುತ್ತದೆ. ಮೊಂಡು ಚಾಕುವಿಗೆ ಬಲ ಹಾಕಿದಾಗ ಅದು ಜಾರಿ ಬೆರಳಿಗೆ ತಾಗುವ ಸಂಭವ ಹೆಚ್ಚು. ಗಾಜು ಮತ್ತು ಗ್ರಾನೈಟ್ ಇದಕ್ಕಿಂತ ಕೆಟ್ಟವು. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆಯ ಕಾಠಿಣ್ಯ, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7, ಅಂದರೆ ಅದು ಚಾಕುವಿನ ಉಕ್ಕನ್ನೇ ಗೀರಬಲ್ಲದು.

ಮರ ಕೊಳ್ಳುವಾಗ ಯಾವ ಮರವೆಂದು ಕೇಳಿರಿ. ಮಾಂಸದಂಗಡಿಗಳಲ್ಲಿ ಹುಣಸೆ ಮರದ ಕೊರಡನ್ನು ಬಳಸುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಹುಣಸೆಯ ಎಳೆಗಳು ಹೆಣೆದುಕೊಂಡು ಬೆಳೆಯುವುದರಿಂದ ಮಚ್ಚಿನ ಏಟಿಗೆ ಅದು ಸುಲಭವಾಗಿ ಸಿಗಿಯುವುದಿಲ್ಲ. ಮನೆಯ ಹಲಗೆಗೆ ಅಷ್ಟು ಗಟ್ಟಿತನ ಬೇಕಿಲ್ಲ, ಹಲಸು, ಮಾವು, ಬೇವು ಸಾಕು. ತೇಗ ನೀರಿಗೆ ಕಡಿಮೆ ಹಿಗ್ಗುತ್ತದೆ, ಆದರೆ ಅದರಲ್ಲಿರುವ ಸಿಲಿಕಾ ಚಾಕುವನ್ನು ಮೊಂಡಾಗಿಸುತ್ತದೆ. ಬಿದಿರಿನ ಹಲಗೆ ನೋಡಲು ಸುಂದರವಾಗಿದ್ದರೂ ಅದು ಸಣ್ಣ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿದ್ದು, ಮತ್ತು ಚಾಕುವಿಗೆ ಸಾಕಷ್ಟು ಗಡಸು. ಇವೆಲ್ಲಕ್ಕಿಂತ ನಾನು ಒತ್ತಿ ಹೇಳಬೇಕಾದದ್ದು ಹಳೆಯ ಬಾಗಿಲು ಕಿಟಕಿಗಳ ಹಲಗೆಯನ್ನು ಬಡಗಿಯಿಂದ ಕೊರೆಸಿಕೊಳ್ಳುವವರ ಕುರಿತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ಬಳಿದ ಮರದಲ್ಲಿ ಸೀಸ ಇದ್ದಿರಬಹುದು, ತೋಪಡಾ ಹೊಡೆದು ಮೇಲ್ಪದರ ಹೆರೆದರೂ ಸಂದುಗಳಲ್ಲಿ ಅದು ಉಳಿಯಬಹುದು. ಅಂಥ ಮರ ಎಷ್ಟೇ ಒಳ್ಳೆಯ ತೇಗವಾಗಿದ್ದರೂ ಅದು ಕಪಾಟಿಗೆ ಹೋಗಲಿ.

ತೊಳೆಯುವ ಕ್ರಮಕ್ಕೆ ಹೆಚ್ಚು ಮಾತು ಬೇಕಿಲ್ಲ, ಆದರೆ ಎರಡು ಅಂಶಗಳನ್ನು ಬಹಳ ಮಂದಿ ಬಿಡುತ್ತಾರೆ. ಮೊದಲನೆಯದು, ಮರದ ಹಲಗೆಯ ಎರಡೂ ಮುಖಗಳನ್ನು ಒಟ್ಟಿಗೆ ಒದ್ದೆ ಮಾಡಬೇಕು. ಬಳಸಿದ ಮುಖವನ್ನಷ್ಟೇ ತೊಳೆದರೆ ಅದೊಂದೇ ಹಿಗ್ಗಿ, ಹಲಗೆ ಬಾಗಿ, ಕಟ್ಟೆಯ ಮೇಲೆ ಅಲುಗಾಡತೊಡಗುತ್ತದೆ. ಎರಡನೆಯದು, ಹಸಿಮಾಂಸ ಹೆಚ್ಚಿದ ಹಲಗೆಗೆ ಮೊದಲೇ ಕುದಿನೀರು ಸುರಿಯಬಾರದು, ಏಕೆಂದರೆ ಬಿಸಿಗೆ ಮಾಂಸರಸದ ಪ್ರೋಟೀನು ಹೆಪ್ಪುಗಟ್ಟಿ ಗೀರುಗಳಲ್ಲಿ ಅಂಟಿಕೊಳ್ಳುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಸಾಬೂನು ಹಾಕಿ ಉಜ್ಜಿದ ನಂತರ ಬಿಸಿನೀರು ಸುರಿಯಬಹುದು. ಮಾಂಸದ ಹಲಗೆಯನ್ನು ಇನ್ನಷ್ಟು ಶುದ್ಧಗೊಳಿಸಬೇಕೆನ್ನುವವರು ಸುವಾಸನೆಯಿಲ್ಲದ ದ್ರವ ಬ್ಲೀಚನ್ನು ಲೀಟರು ನೀರಿಗೆ ಸುಮಾರು 4 ಮಿಲಿ ಬೆರೆಸಿ, ಕೆಲವು ನಿಮಿಷ ಬಿಟ್ಟು ತೊಳೆಯಬಹುದು. ಅಮೆರಿಕದ ಕೃಷಿ ಇಲಾಖೆ ಸೂಚಿಸುವ ಪ್ರಮಾಣವೂ ಹೆಚ್ಚುಕಡಿಮೆ ಇದೇ. ನಿಂಬೆಹೋಳು ಮತ್ತು ಉಪ್ಪು ಬೆಳ್ಳುಳ್ಳಿಯ ವಾಸನೆ ತೆಗೆಯಲು ಒಳ್ಳೆಯದು, ರೋಗಾಣು ಕೊಲ್ಲಲು ಅದನ್ನು ನಂಬಬಾರದು. ಮಸಿಬಟ್ಟೆಯಿಂದ ಒರೆಸುವುದನ್ನು ಇಂದೇ ನಿಲ್ಲಿಸಿರಿ, ಹಲಗೆಗಿಂತ ಆ ಬಟ್ಟೆಯೇ ಕೊಳಕು.

ಮಾಂಸಾಹಾರದ ಕುರಿತು ಪಾಶ್ಚಾತ್ಯ ಪುಸ್ತಕಗಳಲ್ಲಿರುವ ಎಚ್ಚರಿಕೆಗಳು ನಮ್ಮಲ್ಲಿಗೆ ಸ್ವಲ್ಪ ಬೇರೆಯಾಗಿ ಅನ್ವಯಿಸುತ್ತವೆ. ನಮ್ಮಲ್ಲಿ ಕೋಳಿಯನ್ನು ಅಂಗಡಿಯವನೇ ಸಾರಿನ ತುಂಡುಗಳಾಗಿ ಕೊಚ್ಚಿ ಕೊಡುತ್ತಾನೆ. ಕರಾವಳಿಯ ಮನೆಗಳಲ್ಲಿ ಮೀನನ್ನು ಅಡುಗೆಮನೆಯ ಹೊರಗೆ, ಜಾರದಿರಲೆಂದು ಬೂದಿ ಮುಟ್ಟಿಸಿಕೊಂಡು, ಮೆಟ್ಟುಗತ್ತಿಯಲ್ಲಿ ಶುಚಿಮಾಡುವ ಪದ್ಧತಿಯಿತ್ತು, ಅದಕ್ಕಿಂತ ಉತ್ತಮವಾದ ಪ್ರತ್ಯೇಕತೆಯನ್ನು ನಾನು ಯಾವ ತರಬೇತಿಯಲ್ಲೂ ಕಲಿಸಿಲ್ಲ. ಅಪಾಯವಿರುವುದು ಫ್ಲ್ಯಾಟಿನ ಚಿಕ್ಕ ಅಡುಗೆಮನೆಯಲ್ಲಿ, ಮೂಳೆಯಿಲ್ಲದ ಕೋಳಿಯನ್ನು ಇನ್ನಷ್ಟು ಸಣ್ಣದಾಗಿಸಿದ ಹಲಗೆಯನ್ನು ಬರಿ ನೀರಿನಲ್ಲಿ ತೊಳೆದು, ಅದರ ಮೇಲೆಯೇ ಮೊಸರು ಬಜ್ಜಿಯ ಈರುಳ್ಳಿಯನ್ನೂ ಕೊತ್ತಂಬರಿಯನ್ನೂ ಹೆಚ್ಚುವಾಗ. ಕೋಳಿಯ ರೋಗಾಣುಗಳು ಒಲೆಯ ಮೇಲೆ ಸಾಯುತ್ತವೆ, ಬಜ್ಜಿಗೆ ದಾಟಿದವು ಸಾಯುವುದಿಲ್ಲ. ಹೋಟೆಲುಗಳಲ್ಲಿ ಇದಕ್ಕಾಗಿಯೇ ಕೆಂಪು, ನೀಲಿ, ಹಸಿರು ಹಲಗೆಗಳಿರುತ್ತವೆ. ಮನೆಗೆ ಅಷ್ಟು ಬಣ್ಣಗಳ ಅಗತ್ಯವಿಲ್ಲ, ಎರಡು ಹಲಗೆ ಸಾಕು. ಒಂದೇ ಹಲಗೆ ಇದ್ದರೆ ಹಸಿಯಾಗಿ ತಿನ್ನುವ ಕೋಸಂಬರಿ, ಹಣ್ಣುಗಳನ್ನು ಮೊದಲು, ಬೇಯಿಸುವ ತರಕಾರಿಯನ್ನು ನಂತರ, ಮಾಂಸವನ್ನು ಕೊನೆಗೆ ಹೆಚ್ಚಬೇಕು. ಶಾಕಾಹಾರಿಗಳು ಇದರಿಂದ ಪೂರ್ತಿ ಹೊರತಲ್ಲ. ಬೇರಿನ ಮಣ್ಣಿನೊಂದಿಗೆ ಬರುವ ಸೊಪ್ಪನ್ನು ತೊಳೆಯದೆ ಹೆಚ್ಚಿದ ಹಲಗೆಯ ಮೇಲೆ ಪಪ್ಪಾಯಿ ಕತ್ತರಿಸಿ ಮಗುವಿಗೆ ಕೊಡುವುದೂ ಅದೇ ತಪ್ಪು.

ಒಣಗಿಸುವುದಕ್ಕೆ ನಮ್ಮ ರಾಜ್ಯದಲ್ಲಿ ಒಂದೇ ನಿಯಮ ಹೇಳಲಾಗದು. ಮಳೆಗಾಲದ ಮಡಿಕೇರಿ, ಆಗುಂಬೆಗಳಲ್ಲಿ ಗೋಡೆಗೆ ಒರಗಿಸಿದ ಹಲಗೆಯ ಹಿಂಬದಿಗೆ ವಾರದೊಳಗೆ ಬೂಷ್ಟು ಬರುತ್ತದೆ. ಅಲ್ಲಿ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಎರಡೂ ಕಡೆ ಗಾಳಿಯಾಡುವಂತೆ, ಸಾಧ್ಯವಾದರೆ ಒಲೆಯ ಬಳಿ ಇಡಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಇಟ್ಟ ಹಲಗೆ ಸೀಳುತ್ತದೆ, ಅಲ್ಲಿ ನೆರಳೇ ಸರಿ. ಸೀಳದಿರಲು ಎಣ್ಣೆ ಸವರುವವರು ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ಹಾಕುತ್ತಾರೆ, ಅದು ಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ. ಔಷಧದಂಗಡಿಯಲ್ಲಿ ಮಲಬದ್ಧತೆಗೆಂದು ಮಾರುವ, ಬೇರೇನೂ ಬೆರೆಸದ ಲಿಕ್ವಿಡ್ ಪ್ಯಾರಾಫಿನ್ ಈ ಕೆಲಸಕ್ಕೆ ಸರಿಯಾದದ್ದು. ಅಂಗಡಿಯವರು ಹಲಗೆಯ ಎಣ್ಣೆಯೆಂದು ದುಬಾರಿ ಬೆಲೆಗೆ ಮಾರುವುದರಲ್ಲೂ ಬಹುಪಾಲು ಇರುವುದು ಅಂಥ ಖನಿಜ ತೈಲವೇ. ಹಲಸಿನಕಾಯಿ, ಬಾಳೆಕಾಯಿ ಹೆಚ್ಚುವ ಮುನ್ನ ಮಾತ್ರ ಹಲಗೆಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರುವ ಅಜ್ಜಿಯರ ಕ್ರಮವನ್ನು ಬಿಡಬಾರದು, ಮೇಣ ಅಂಟಿದ ಹಲಗೆಯನ್ನು ನೀರು ಬಿಡಿಸಲಾರದು. ಪ್ಲಾಸ್ಟಿಕ್ಕಿಗೆ ಹತ್ತಿದ ಅರಿಸಿನದ ಹಳದಿ ಕೊಳೆಯಲ್ಲ, ಬಿಸಿಲಿಗಿಟ್ಟರೆ ತಾನಾಗಿ ಮಾಸುತ್ತದೆ.

ಎಷ್ಟು ಜೋಪಾನ ಮಾಡಿದರೂ ಕೆಲವು ವರ್ಷಗಳಲ್ಲಿ ಮರದ ಹಲಗೆಯ ನಡುವೆ ತಗ್ಗು ಬೀಳುತ್ತದೆ, ಅಲ್ಲಿ ನೀರು ನಿಲ್ಲತೊಡಗುತ್ತದೆ. ಅದನ್ನು ಎಸೆಯಬೇಕಾಗಿಲ್ಲ. ಬಡಗಿ ತೋಪಡಾ ಹೊಡೆದು, ಮೊದಲು ಒರಟಾದ 120ರ, ನಂತರ ನಯವಾದ 220ರ ಉಪ್ಪುಕಾಗದದಿಂದ ಉಜ್ಜಿ, ಪ್ಯಾರಾಫಿನ್ ಕುಡಿಸಿದರೆ ಗೀರುಗಳೆಲ್ಲ ಹೋಗಿ ಹೊಸ ಮುಖ ಬರುತ್ತದೆ. ಪ್ಲಾಸ್ಟಿಕ್ಕಿಗೆ ಈ ಅನುಕೂಲವಿಲ್ಲ. ಪ್ರತಿ ಸಲ ಒಂದೆರಡು ಮಿಲಿಮೀಟರು ಮರ ಹೋಗುವುದರಿಂದ ತೆಳು ಹಲಗೆ ಈ ಉಪಚಾರವನ್ನು ತಾಳಿಕೊಳ್ಳದು. ಕೊಳ್ಳುವಾಗ ಮರದ ಜಾತಿಯ ಜೊತೆಗೆ ದಪ್ಪವನ್ನೂ ಅಳೆದು, ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಬೇರೆಯದನ್ನು ಕೇಳಿರಿ.